ಹುಣಸೆಹುಳಿಯಲ್ಲಿ ತೊಳೆದ ನೂರು ಗ್ರಾಂ

ಹೋದ ವಾರ ಆಳಂದಕ್ಕೆ ಹೋಗಿದ್ದೆ. ಮೊಮ್ಮಗಳ ಓಲೆಯ ತಿರುಪು ಸವೆದಿತ್ತು. ಅದನ್ನು ಅಕ್ಕಸಾಲಿಗ ಮೌನಪ್ಪ ಪತ್ತಾರನ ಹೊರತು ಬೇರೆಯವರ ಕೈಗೆ ಕೊಡುವ ಮನಸ್ಸಿರಲಿಲ್ಲ. ಅವನ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಹುಣಸೆನೀರು ಕುದಿಯುವ ವಾಸನೆ ಬಂತು. ಬೆಂಕಿಗೆ ಹಿಡಿದ ಬಂಗಾರ ಬೆಳ್ಳಿಯ ಕಪ್ಪು ಬಿಡಿಸಲು ಪತ್ತಾರರು ಅದನ್ನು ಹುಣಸೆನೀರಿಗೆ ಹಾಕುತ್ತಾರೆ. ಯಾರಿಗಾದರೂ ಸಾರಿನ ನೆನಪು ಬರುವ ವಾಸನೆ. ನಾನು ಮಾತ್ರ ಬಾಗಿಲಲ್ಲೇ ನಿಂತುಬಿಟ್ಟೆ.

"ಒಳಗ ಬರ್ರಿ ಬಾಯರ," ಎಂದ ಮೌನಪ್ಪ, ತಲೆ ಎತ್ತದೆಯೇ. "ಈಗ ನೀವು ರಿಟೈರ್ ಆಗೀರಿ. ಹೆದರೂದು ನಾವಲ್ಲ, ನೀವು."

ಜೇವರ್ಗಿ ನನ್ನ ಕೊನೆಯ ಪೋಸ್ಟಿಂಗ್. ನಾನು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಆಗಿದ್ದೆ. ಅಫಜಲಪುರ, ಆಳಂದಗಳೂ ನನ್ನ ಪಾಲಿಗಿದ್ದವು. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಹತ್ತು ವರ್ಷ ಬೆಳೆದವಳು ನಾನು. ಆ ಗಂಟೆ ಕಿವಿಯಿಂದ ಹೋಗಲೇ ಇಲ್ಲ. ಒಂಬತ್ತು ಐವತ್ತಕ್ಕೆ ಕಚೇರಿಯ ಬಾಗಿಲು, ಒಂಬತ್ತು ಐವತ್ತೈದಕ್ಕೆ ಮೇಜಿನ ಮೇಲಿನ ಹಳೆಯ ಗಡಿಯಾರಕ್ಕೆ ಕೀಲಿ, ಹತ್ತಕ್ಕೆ ಹಾಜರಿ ಪುಸ್ತಕ. ಹತ್ತೂ ಐದಕ್ಕೆ ಬಂದವರಿಗೆ ನನ್ನ ಮುಖ ನೋಡಿದರೆ ಸಾಕಾಗುತ್ತಿತ್ತು.

ಕಚೇರಿಯ ಕಬ್ಬಿಣದ ಕಪಾಟಿನಲ್ಲಿ ಒಂದು ತೇಗದ ಪೆಟ್ಟಿಗೆ. ಅದರೊಳಗೆ ಮಖಮಲ್ಲಿನ ಗುಳಿಗಳಲ್ಲಿ ಸರಕಾರದ ಹಿತ್ತಾಳೆಯ ತೂಕದ ಗುಂಡುಗಳು. ಮೂರೂ ತಾಲ್ಲೂಕಿನ ಸರಾಫರ, ಅಂದರೆ ಬಂಗಾರದ ವ್ಯಾಪಾರಿಗಳ, ತಕ್ಕಡಿಗಳೆಲ್ಲ ಈ ಗುಂಡುಗಳ ಮುಂದೆ ಬಂದು ತಲೆಬಾಗಿಯೇ ಸೀಲು ಹಾಕಿಸಿಕೊಳ್ಳಬೇಕು. ಅವನ್ನು ಬೆರಳಿಂದ ಮುಟ್ಟುವಂತಿಲ್ಲ, ಇಕ್ಕಳದಿಂದಲೇ ಎತ್ತಬೇಕು. ಬೆರಳಿನ ಜಿಡ್ಡಿಗೂ ತೂಕವಿದೆ. ವರ್ಷಕ್ಕೊಮ್ಮೆ, ಜೂನಿನಲ್ಲಿ, ಅವನ್ನು ಪ್ರಯೋಗಶಾಲೆಗೆ ಒಯ್ದು ಇನ್ನೂ ದೊಡ್ಡ ದರ್ಜೆಯ ಗುಂಡುಗಳ ಜೊತೆ ತೂಗಿಸಿ ಪ್ರಮಾಣಪತ್ರ ತರುತ್ತಿದ್ದೆ. ಆ ದೊಡ್ಡವಕ್ಕೆ ಅವಕ್ಕಿಂತ ದೊಡ್ಡವು. ಹೀಗೆ ಏಣಿ ಹತ್ತುತ್ತ ಹೋದರೆ ಕೊನೆಗೆ ಪ್ಯಾರಿಸ್ ಊರಿನ ಹತ್ತಿರ ನೆಲಮಾಳಿಗೆಯಲ್ಲಿ ಮೂರು ಕೀಲಿಗಳ ಹಿಂದೆ ಕೂತ ಒಂದೇ ಒಂದು ಲೋಹದ ಗುಂಡು.

ಆ ಗುಂಡನ್ನು ಸಿಂಹಾಸನದಿಂದ ಇಳಿಸಿದ್ದು ನನ್ನ ನಿವೃತ್ತಿಯ ಹಿಂದಿನ ವರ್ಷ. ಇನ್ನು ಮುಂದೆ ಕಿಲೋಗ್ರಾಂ ಎಂದರೆ ಲೋಹವಲ್ಲ. ಪ್ಲಾಂಕ್ ಸ್ಥಿರಾಂಕ ಎಂಬ, ಪ್ರಕೃತಿಯೊಳಗೇ ಇರುವ, ಎಲ್ಲಿ ಅಳೆದರೂ ಬದಲಾಗದ ಒಂದು ಸಂಖ್ಯೆಯಿಂದ ಅದನ್ನು ಪಡೆಯಬೇಕು ಎಂದು ಸುತ್ತೋಲೆ ಬಂತು. ಮೂರು ಸಲ ಓದಿದೆ. ಮೂರು ಸಲವೂ ಕಾಲ ಕೆಳಗಿನ ಹಾಸುಗಲ್ಲು ಅಲುಗಿದಂತೆನಿಸಿತು. ಮೂವತ್ತನಾಲ್ಕು ವರ್ಷ ನಾನು ಏಣಿ ನಂಬಿ ಬದುಕಿದವಳು. ಏಣಿಯ ತುದಿಯಲ್ಲಿ ಗುಂಡು ಇಲ್ಲ, ಸಂಖ್ಯೆ ಇದೆ ಎಂದರೆ?

ಅದರ ಬಗ್ಗೆಯೇ ಎರಡು ದಿನದ ತರಬೇತಿ ಇಟ್ಟರು, ಅದೂ ಖಂಡೇನವಮಿಯ ಹಿಂದಿನ ದಿನಗಳಲ್ಲೇ. ಪ್ರತಿವರ್ಷ ಆಯುಧಪೂಜೆಯ ಸಿದ್ಧತೆಗೆ ನಾನೇ ನಿಲ್ಲುತ್ತಿದ್ದೆ. ಪೆಟ್ಟಿಗೆಯ ಮುಚ್ಚಳಕ್ಕೆ ಮಾತ್ರ ಕುಂಕುಮ. ಆ ವರ್ಷ ಕೀಲಿಗೊಂಚಲನ್ನು ನಾಗಮ್ಮನ ಕೈಗಿಟ್ಟು ಬಸ್ಸು ಹತ್ತಿದೆ. ನಾಗಮ್ಮ ನಮ್ಮ ಕಚೇರಿಯ ಜವಾನಳು, ಭೀಮಾ ಹೊಳೆಯ ದಂಡೆಯ ಮಣ್ಣೂರಿನವಳು, ನಾನು ಅಂದದ್ದನ್ನು ಅಂದಷ್ಟೇ ಮಾಡುವವಳು. ಬಸ್ಸಿನ ಕಿಟಕಿಯ ಪಕ್ಕ ಕೂತು ಅವಳಿಗೆ ಫೋನಿನಲ್ಲಿ ಹೇಳಿದೆ:

"ನಾ ಬರೂದ್ರಾಗ ಎಲ್ಲಾ ಥಳಥಳ ಅನ್ನಬೇಕು. ಕಚೇರಿಯೊಳಗ ಒಂದೂ ಕಪ್ಪ ಉಳೀಬಾರದು."

"ಹೌದ್ರಿ ಬಾಯರ. ಒಂದೂ ಉಳ್ಯಾಂಗಿಲ್ಲ," ಎಂದಳು.

ತಿರುಗಿ ಬಂದಾಗ ಕಚೇರಿ ಕನ್ನಡಿಯಂತಿತ್ತು. ಪೂಜೆಯ ಮರುದಿನ ಪೆಟ್ಟಿಗೆ ತೆರೆದೆ. ಗುಂಡುಗಳು ಮಿಂಚುತ್ತಿದ್ದವು. ಮೆತ್ತನೆಯ ಚರ್ಮದ ಅರಿವೆಯಿಂದ ಒರೆಸಿರಬೇಕು ಎಂದುಕೊಂಡೆ. ಮನಸ್ಸಿಗೆ ಹಿತವಾಯಿತು. ಹಾಗೆ ಹಿತವಾದದ್ದನ್ನು ಈಗಲೂ ನಾನು ಮರೆಯಲಾರೆ.

ದೀಪಾವಳಿಗೆ ಮುಂಚೆ ಆಳಂದದ ಸರಾಫ ಬಜಾರಿನಲ್ಲಿ ಕ್ಯಾಂಪ್ ಹಾಕಿದೆ. ಪತ್ತಾರರು ತಮ್ಮ ತಮ್ಮ ವಿದ್ಯುನ್ಮಾನ ತಕ್ಕಡಿಗಳನ್ನು ಮಕ್ಕಳಂತೆ ಎದೆಗವಚಿಕೊಂಡು ಬಂದಿದ್ದರು. ತಕ್ಕಡಿ ರಿಪೇರಿ ಮಾಡುವ ಲೈಸೆನ್ಸು ಆ ಭಾಗಕ್ಕೆ ಮೌನಪ್ಪನೊಬ್ಬನಿಗೇ ಇತ್ತು. ತಪ್ಪಿದ ತಕ್ಕಡಿಯನ್ನು ಅವನು ಸರಿಪಡಿಸಬೇಕು, ನಾನು ಸೀಲು ಹಾಕಬೇಕು. ಪೆಟ್ಟಿಗೆ ತೆರೆದಾಗ ಸಣ್ಣಗೆ ಹುಳಿವಾಸನೆ ಬಂದಂತಾಯಿತು. ಚೀಲದೊಳಗಿನ ಬುತ್ತಿಯದಿರಬೇಕು ಎಂದು ಬುತ್ತಿಯನ್ನು ಬೇರೆ ಕಡೆ ಇಟ್ಟೆ.

ಮೊದಲ ತಕ್ಕಡಿಯ ಮೇಲೆ ನೂರು ಗ್ರಾಮಿನ ಗುಂಡಿಟ್ಟೆ. ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಏಳು ಎಂದು ತೋರಿಸಿತು. ಎರಡನೆಯದೂ ಅಷ್ಟೇ. ಮೂರನೆಯದೂ.

"ಎಲ್ಲಾ ಕಡಿಮಿ ತೋರಸಾಕತ್ತಾವ ಮೌನಪ್ಪ. ಸರಿ ಮಾಡು."

ಮೌನಪ್ಪ ಕನ್ನಡಕ ಹಣೆಗೇರಿಸಿ ಗುಂಡನ್ನೇ ನೋಡಿದ. ಆಮೇಲೆ ತನ್ನ ಕಿಸೆಯಿಂದ ಅರಿವೆಯಲ್ಲಿ ಸುತ್ತಿದ ಒಂದು ಹಳೆಯ ಗುಂಡು ತೆಗೆದ. ಕಪ್ಪು ಹಿಡಿದದ್ದು, ಅವನಪ್ಪನ ಕಾಲದ್ದು. ಅದನ್ನು ತಕ್ಕಡಿಯ ಮೇಲಿಟ್ಟ. ಸರಿಯಾಗಿ ನೂರು.

"ಬಾಯರ, ಒಂದ್ ಮಾತ ಅಂತೇನಿ, ಸಿಟ್ಟಾಗಬ್ಯಾಡ್ರಿ. ತಕ್ಕಡಿ ಬರಾಬರ್ ಅದಾವ. ನಿಮ್ಮ ಗುಂಡು ಜರಾ ಸೊರಗ್ಯದ."

ಸುತ್ತಲಿದ್ದ ಪತ್ತಾರರು ಕಿಸಕ್ಕೆಂದರು. ಒಬ್ಬ, "ಬಾಯರ ನವರಾತ್ರಿ ಉಪವಾಸ ಗುಂಡಿಗೂ ಹತ್ತ್ಯದ ಕಾಣತದ," ಎಂದ.

ನಾನು ಜೂನ್ ತಿಂಗಳ ಪ್ರಮಾಣಪತ್ರ ತೆಗೆದು ಮೇಜಿನ ಮೇಲೆ ಬಡಿದೆ. "ಸರಕಾರದ ಗುಂಡು ಸೊರಗತದ, ನಿಮ್ಮಪ್ಪನ ಗುಂಡು ಸೊರಗಂಗಿಲ್ಲ, ಹೌದಲ್ಲ? ಇದಕ್ಕ ತಕ್ಕಂಗ ತಿದ್ದು. ಇಲ್ಲಂದ್ರ ಕ್ಯಾಂಪ್ ಎತ್ತತೇನಿ."

ಮೌನಪ್ಪ ತನ್ನ ಗುಂಡನ್ನು ತಿರುಗಿ ಅರಿವೆಯಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡ. "ನಿಮ್ಮದು ಸರಕಾರದ್ದರಿ, ನಮ್ಮದು ಹೊಟ್ಟೀದು," ಎಂದು ಕನ್ನಡಕ ಇಳಿಸಿಕೊಂಡು ಕೆಲಸಕ್ಕೆ ಕೂತ. ಸಂಜೆಯ ಹೊತ್ತಿಗೆ ಎಲ್ಲ ತಕ್ಕಡಿಗಳೂ ನನ್ನ ಗುಂಡಿಗೆ ನೂರು ಎಂದವು. ನಾನು ಎಲ್ಲದಕ್ಕೂ ಸೀಲು ಹಾಕಿದೆ.

ಮದುವೆಯ ಹಂಗಾಮು. ತೊಗರಿ ಬಂಗಾರದ ಬಣ್ಣಕ್ಕೆ ತಿರುಗುತ್ತಿದ್ದ ದಿನಗಳು. ಯಾರೋ ಆಳಂದದಲ್ಲಿ ಕೊಂಡ ಸರವನ್ನು ಬೇರೆ ಊರಿನಲ್ಲಿ ತೂಗಿಸಿ ದೂರು ಕೊಟ್ಟರು. ಮೇಲಿನ ಕಚೇರಿಯ ತಪಾಸಣಾ ತಂಡ ಮುನ್ಸೂಚನೆಯಿಲ್ಲದೆ ಬಜಾರಿಗೆ ಇಳಿಯಿತು. ಅವರ ಗುಂಡಿಗೆ ತಕ್ಕಡಿಗಳೆಲ್ಲ ನೂರು ಪಾಯಿಂಟ್ ಸೊನ್ನೆ ಮೂರು ತೋರಿಸಿದವು. ಅಂದರೆ ಇರದ ಬಂಗಾರವನ್ನು ಇದೆ ಎನ್ನುತ್ತಿದ್ದವು. ಸೀಲು ಒಡೆದಿರಲಿಲ್ಲ. ಆದರೆ ಗುಂಡಿ ಒತ್ತಿ ಗುಪ್ತ ಅಂಕಿ ಕೊಟ್ಟರೆ ಸೀಲು ಒಡೆಯದೆಯೇ ಇಂಥ ತಕ್ಕಡಿಯನ್ನು ತಿದ್ದಬಹುದು. ಆ ಅಂಕಿ ರಿಪೇರಿಗಾರನಿಗೆ ಮಾತ್ರ ಗೊತ್ತು. ಸೀಲು ಬಿದ್ದ ಮೇಲೆ ಮೌನಪ್ಪನೇ ಅಂಗಡಿಗಳಿಗೆ ತಿರುಗಿ ಹೋಗಿ ತಿದ್ದಿದ್ದಾನೆ ಎಂದರು. ಅವನ ಲೈಸೆನ್ಸು ಅಮಾನತಾಯಿತು. ಸಂಕ್ರಾಂತಿ ಮುಗಿದ ಮೇಲೆ ವಿಚಾರಣೆ, ಅಲ್ಲಿ ಅದು ಪೂರ್ತಿ ರದ್ದಾಗುವುದು ಖಂಡಿತವೆಂದು ಎಲ್ಲರೂ ಹೇಳಿದರು.

ತಂಡದ ಅಧಿಕಾರಿ ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದರು: "ನಿಮ್ಮ ಗುಂಡುಗಳು?" ನಾನು ಪ್ರಮಾಣಪತ್ರ ತೋರಿಸಿದೆ. ಅವರು ತಲೆಯಾಡಿಸಿ ಹೋದರು. ಮೂವತ್ತನಾಲ್ಕು ವರ್ಷದ ಶುದ್ಧ ಹೆಸರನ್ನು ಯಾರು ತೂಗಿ ನೋಡುತ್ತಾರೆ? ಮೌನಪ್ಪ ಅಲ್ಲೇ ಗೋಡೆಗೆ ಆನಿಕೊಂಡು ನಿಂತಿದ್ದ. ಕ್ಯಾಂಪಿನ ಮಾತನ್ನು ನನ್ನ ಸೀಲಿಗೆ ಹೆದರುವ ಬೇರೆ ಪತ್ತಾರರು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಅಂದಿನಿಂದ ನನ್ನ ದಿನಚರಿಗೆ ಗೆದ್ದಲು ಹತ್ತಿತು. ಹತ್ತಕ್ಕೆ ಹಾಜರಿ ಪುಸ್ತಕ ತೆರೆದು ಸಹಿ ಹಾಕುವುದನ್ನು ಮರೆತು ಕೂಡುತ್ತಿದ್ದೆ. ಮೌನಪ್ಪ ಮೋಸಗಾರನಾದರೆ ಎಲ್ಲ ತಕ್ಕಡಿಗಳಲ್ಲೂ ಅದೇ ಪಾಯಿಂಟ್ ಸೊನ್ನೆ ಮೂರರ ಮೋಸ ಯಾಕೆ? ಮೋಸಕ್ಕೆ ಅಷ್ಟು ಶಿಸ್ತಿರುತ್ತದೆಯೇ? ಪ್ರಶ್ನೆ ಬಂದಾಗಲೆಲ್ಲ ಎದ್ದು ಕಪಾಟಿನ ಕೀಲಿ ಹಾಕಿದೆಯೋ ಎಂದು ಎಳೆದು ನೋಡಿ ಬಂದು ಕೂಡುತ್ತಿದ್ದೆ. ಉತ್ತರದ ಹತ್ತಿರ ಹೋಗಲು ನನಗೆ ಮನಸ್ಸಿರಲಿಲ್ಲ.

ನನ್ನ ಬಾಡಿಗೆ ಮನೆಯ ಮೇಲಿನ ಕೋಣೆಯಲ್ಲಿ ಶಶಿಕಲಾ ಇದ್ದಳು. ಅತನೂರಿನ ಒಕ್ಕಲುತನದ ಮನೆಯವಳು, ಜೇವರ್ಗಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಎಳ್ಳಮಾವಾಸ್ಯೆಗೆ ನನ್ನನ್ನು ಬಿಡದೆ ತಮ್ಮ ಹೊಲಕ್ಕೆ ಕರೆದುಕೊಂಡು ಹೋದಳು. ಬಿಳಿಜೋಳ ಎದೆಮಟ್ಟ ನಿಂತಿತ್ತು. ಬನ್ನಿಗಿಡದ ಕೆಳಗೆ ಕಂಬಳಿ ಹಾಸಿ ಭಜ್ಜಿ, ಸಜ್ಜಿರೊಟ್ಟಿ, ಕಡುಬು ಹರಡಿದ್ದರು. ನಾನು ಸುಮ್ಮನೆ ಒಂದು ಕಡುಬನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದೆ.

"ಏನ್ ಬಾಯರ, ಕಡುಬಿಗೂ ಸೀಲು ಹೊಡೀತೀರೇನು?" ಎಂದ ಅವಳ ಅಪ್ಪ.

ನಗಲಾಗಲಿಲ್ಲ. ಶಶಿಕಲಾಳನ್ನು ಕೇಳಿಯೇ ಬಿಟ್ಟೆ: "ಪ್ಯಾರಿಸ್‌ನ ಗುಂಡನ್ನ ಯಾಕ ಇಳಿಸಿದ್ರು? ಅದರಾಗ ಏನ್ ಫರಕ್ ಬಂದಿತ್ತು?"

"ಅದನ್ನ ಅದರ ಜೋಡಿ ಮಾಡಿದ ನಕಲು ಗುಂಡುಗೋಳ ಜೋಡಿ ತೂಗಿದ್ರರಿ. ನೂರು ವರ್ಷದಾಗ ಅವು ಒಂದಕ್ಕೊಂದು ಹೊಂದಲಾರದಂಗ ಆಗಿದ್ವು. ಭಾಳ ಇಲ್ಲ, ಕಣ್ಣರೆಪ್ಪಿ ಕೂದಲಕಿಂತ ಹಗುರ ಫರಕ್."

"ಯಾವುದು ತಪ್ಪಿತ್ತು?"

"ಅದೇ ಮಜಾ ನೋಡ್ರಿ. ಕಿಲೋ ಅಂದ್ರನ ಆ ಗುಂಡು. ಅದು ಸವೆದ್ರ ಅದು ಸವೀಲಿಲ್ಲ, ಜಗತ್ತೇ ಭಾರ ಆತು ಅಂತ ಬರೀಬೇಕು. ಅದಕ್ಕ ತಪ್ಪೋ ಹಕ್ಕೇ ಇರಲಿಲ್ಲರಿ."

ಕಡುಬು ಕೈಯಲ್ಲೇ ಉಳಿಯಿತು. ಅವಳು ತನ್ನ ಉತ್ಸಾಹದಲ್ಲಿ ಮುಂದುವರಿದಳು. ಲೋಹವನ್ನು ನಂಬುವುದೇ ಕಷ್ಟ, ಲೋಹದ ಒಳಗೆ ಏನಿದೆ ನೋಡಿದರೆ ಇನ್ನೂ ಕಷ್ಟ ಎಂದಳು. ಹಿತ್ತಾಳೆಯನ್ನು ಒಡೆದರೆ ಪರಮಾಣು, ಅದರ ನಡುವೆ ಪ್ರೋಟಾನು ನ್ಯೂಟ್ರಾನು, ಅವುಗಳೊಳಗೆ ಕ್ವಾರ್ಕು. ಕ್ವಾರ್ಕಿಗೆ ತನ್ನದೆಂಬ ಇಷ್ಟೇ ಇಷ್ಟು ದ್ರವ್ಯರಾಶಿ ಬರುವುದು ಜಗತ್ತಿನಲ್ಲೆಲ್ಲ ಹಬ್ಬಿಕೊಂಡಿರುವ ಹಿಗ್ಸ್ ಕ್ಷೇತ್ರದಿಂದ, ಎಲೆಕ್ಟ್ರಾನಿಗೂ ಅಲ್ಲಿಂದಲೇ. ಆ ಕ್ಷೇತ್ರವಿರದಿದ್ದರೆ ಎಲೆಕ್ಟ್ರಾನು ಎಲ್ಲಿಯೂ ನೆಲೆ ನಿಲ್ಲುತ್ತಿರಲಿಲ್ಲ, ಪರಮಾಣು ಕಟ್ಟಿಕೊಳ್ಳುತ್ತಿರಲಿಲ್ಲ, ಜೋಳವೂ ಇಲ್ಲ, ನಾವೂ ಇಲ್ಲ. ಆದರೆ ಕ್ವಾರ್ಕುಗಳ ಸ್ವಂತದ್ದನ್ನೆಲ್ಲ ಕೂಡಿಸಿದರೆ ಪ್ರೋಟಾನಿನ ತೂಕದಲ್ಲಿ ನೂರರಲ್ಲಿ ಒಂದು ಪಾಲಿನ ಸುತ್ತಮುತ್ತ ಬರುತ್ತದೆ, ಅಷ್ಟೇ.

"ಉಳಿದದ್ದು?"

"ಉಳಿದದ್ದು ಚಡಪಡಿಕಿರಿ ಬಾಯರ. ಆ ಕ್ವಾರ್ಕುಗೋಳು ಸಣ್ಣ ಜಾಗಾದಾಗ ಸಿಕ್ಕು, ಹೊರಗ ಹೋಗಾಕ ಬರಲಾರದ, ಒಂದನ್ನೊಂದು ಬಿಡಲಾರದ, ಒಂದೇ ಸಮ ಓಡ್ಯಾಡತಾವ. ಆ ಓಟ, ಆ ಬಿಗಿತ, ಆ ಶಕ್ತಿನೇ ನಮಗ ಹೊರಗ ತೂಕ ಅನಸ್ತದ. ನೀವು ದಿನಾ ಗಡಿಯಾರಕ್ಕ ಕೀಲಿ ಕೊಡತೀರಲ್ಲ? ಕೀಲಿ ಕೊಟ್ಟ ಗಡಿಯಾರ ಕೊಡದ ಗಡಿಯಾರಕ್ಕಿಂತ ಭಾರ. ಯಾವ ತಕ್ಕಡಿಗೂ ಸಿಗಲಾರದಷ್ಟು, ಆದರ ಖರೇನ ಭಾರ. ಸ್ಪ್ರಿಂಗಿನ ಬಿಗಿತಕ್ಕೂ ತೂಕ ಅದ."

"ಮತ್ತ ಪ್ರಕೃತಿಯೊಳಗಿನ ಈ ಸ್ಥಿರಾಂಕಗೋಳು ಅಷ್ಟೇ ಯಾಕದಾವ? ಸ್ವಲ್ಪ ಹೆಚ್ಚ ಕಡಿಮಿ ಯಾಕಿಲ್ಲ?"

"ಗೊತ್ತಿಲ್ಲರಿ. ಇನ್ನೂ ಯಾರಿಗೂ ಗೊತ್ತಿಲ್ಲ. ಅಳೀತೇವಿ, ಬರಕೊಂತೇವಿ, ಅಷ್ಟೇ."

ಗೊತ್ತಿಲ್ಲ ಎಂಬ ಮಾತನ್ನು ಅಷ್ಟು ನಿರಾಳವಾಗಿ ಹೇಳುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನ್ನ ಕಚೇರಿಯಲ್ಲಂತೂ ಅದಕ್ಕೆ ಅವಕಾಶವೇ ಇರಲಿಲ್ಲ.

ಆಗಲೇ ಗಾಳಿ ತಿರುಗಿತು. ಬಾವಿಯ ಕಟ್ಟೆಯ ಮೇಲೆ ಅವಳ ಅವ್ವ ಪೂಜೆಯ ಹಿತ್ತಾಳೆ ತಂಬಿಗೆಯನ್ನು ಹುಣಸೆಹಣ್ಣು, ಮಣ್ಣು ಹಚ್ಚಿ ತಿಕ್ಕುತ್ತಿದ್ದಳು. ಕಪ್ಪು ನೀರು ಇಳಿಯುತ್ತಿತ್ತು, ಕೆಳಗೆ ಹೊಸ ಹಿತ್ತಾಳೆ ಏಳುತ್ತಿತ್ತು. ಆ ವಾಸನೆ. ಆಳಂದದ ಕ್ಯಾಂಪಿನಲ್ಲಿ, ಮಖಮಲ್ಲಿನ ಪೆಟ್ಟಿಗೆಯೊಳಗಿಂದ ಬಂದದ್ದು.

"ಶಶಿ, ತಿಕ್ಕಿದ್ರ ತಂಬಗಿ ತೂಕ ಕಡಿಮಿ ಆಗತದಲ್ಲ?"

"ಆಗಲಾರದ ಏನರಿ? ಆ ಕಪ್ಪು ನೀರು ಅಂದ್ರ ತಂಬಗೀನ. ಪ್ಯಾರಿಸ್‌ನ ಗುಂಡನ್ನೂ ತೊಳೀತಿದ್ರು. ತೊಳೆದ ಮ್ಯಾಲೆ ಅದೂ ಒಂದು ಚೂರು ಇಳೀತಿತ್ತು."

ಮರುದಿನ ಒಂಬತ್ತು ನಲವತ್ತಕ್ಕೇ ಕಚೇರಿ ತೆರೆದೆ. ನಾಗಮ್ಮ ಬಂದ ಕೂಡಲೇ ಪೆಟ್ಟಿಗೆ ತೋರಿಸಿ ಕೇಳಿದೆ. ಅವಳ ಮುಖ ಅರಳಿತು.

"ಹೌದ್ರಿ! ಹುಣಸಿಹಣ್ಣು ಹಚ್ಚಿ, ನಮ್ಮೂರ ಹೊಳಿ ಮಣ್ಣು ಹಾಕಿ ತಿಕ್ಕೇನಿ. ಪೌಡರಿಗೆ ಹಂತಾ ಹೊಳಪು ಬರಂಗಿಲ್ರಿ. ಒಂದೊಂದಕ್ಕ ಅರ್ಧರ್ಧ ತಾಸು. ನೀವೇ ಹೇಳಿದ್ರಲ್ಲ, ಒಂದೂ ಕಪ್ಪ ಉಳೀಬಾರದು ಅಂತ." ಆಮೇಲೆ ನನ್ನ ಮುಖ ನೋಡಿ ದನಿ ಸಣ್ಣಗಾಯಿತು. "ಯಾಕ್ರಿ ಬಾಯರ, ಎಲ್ಲೆರ ಕಪ್ಪ ಉಳಿದದೇನ್ರಿ?"

"ಇಲ್ಲ ನಾಗಮ್ಮ. ನೀ ಬರಾಬರ್ ಮಾಡೀದಿ," ಎಂದೆ.

ಆಮೇಲಿನ ಎರಡು ವಾರ ನಾನು ಸರಿಯಾಗಿ ಉಂಡ ನೆನಪಿಲ್ಲ. ಮೇ ಕೊನೆಗೆ ನಿವೃತ್ತಿ. ಗುಂಡುಗಳು ಮುಂದೆ ಪ್ರಯೋಗಶಾಲೆಗೆ ಹೋಗುವುದು ಜೂನಿನಲ್ಲಿ, ಅದೂ ನನ್ನ ನಂತರ ಬರುವವರ ಕೈಯಿಂದ. ನಾನು ಬಾಯಿ ಮುಚ್ಚಿಕೊಂಡರೆ ಸಾಕು, ಏಣಿ ನೆಟ್ಟಗೆ ನಿಲ್ಲುತ್ತದೆ. ತಪ್ಪು ನಾಗಮ್ಮನದೆಂದು ಬರೆದರೂ ಸಾಕು. ಆದರೆ ಅವಳು ನನ್ನ ಆಜ್ಞೆಯನ್ನೇ ತಿಕ್ಕಿದ್ದಳು. ಮೌನಪ್ಪನಂತೂ ಹೇಳಿಯೇ ಹೇಳಿದ್ದ, ಹತ್ತು ಜನರ ಮುಂದೆ. ನಾನು ಕಾಗದ ತೋರಿಸಿ ಅವನ ಬಾಯಿ ಮುಚ್ಚಿಸಿದ್ದೆ. ಪ್ಯಾರಿಸ್‌ನ ಗುಂಡಿಗಿದ್ದ, ಎಂದೂ ತಪ್ಪಾಗದ ಆ ಸವಲತ್ತನ್ನು ನಾನು ಯಾರನ್ನೂ ಕೇಳದೆ ನನಗೂ ತೆಗೆದುಕೊಂಡಿದ್ದೆ.

ಮನೆಯೊಳಗೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗುತ್ತಿದ್ದೆ. ಹೆದ್ದಾರಿಯಲ್ಲಿ ತೊಗರಿ ಚೀಲದ ಲಾರಿಗಳು ಹೋದಾಗ ಗಾಜು ನಡುಗುತ್ತಿತ್ತು. ಒಂದು ಬೆಳಿಗ್ಗೆ ಕಚೇರಿಯ ಗಡಿಯಾರಕ್ಕೆ ಕೀಲಿ ಕೊಡುವಾಗ ಕೈ ನಿಂತಿತು. ಅದನ್ನು ಅಂಗೈ ಮೇಲಿಟ್ಟುಕೊಂಡು ನೋಡಿದೆ, ಭಾರವಾಗಿದೆಯೋ ಎಂದು. ತಿಳಿಯುವುದು ಸಾಧ್ಯವಿಲ್ಲವೆಂದು ಗೊತ್ತು. ಆದರೂ ಮೂವತ್ತನಾಲ್ಕು ವರ್ಷ ತೂಗಿದ ಕೈ, ನೋಡಿತು. ಕೆಳಗಿಟ್ಟವಳೇ ರಜೆಯ ಚೀಟಿ ಬರೆದು, ಪೆಟ್ಟಿಗೆ ಎತ್ತಿಕೊಂಡು, ಹತ್ತೂ ಹದಿನೈದರ ಬಸ್ಸು ಹಿಡಿದೆ. ಹಾಜರಿ ಪುಸ್ತಕ ತೆರೆಯಲಿಲ್ಲ.

ಪ್ರಯೋಗಶಾಲೆಯ ತಕ್ಕಡಿಯ ಮುಂದೆ ಕೂತ ನೌಕರ ನೂರು ಗ್ರಾಮಿನ ಗುಂಡನ್ನು ಮೂರು ಸಲ ತೂಗಿದ. "ಮೇಡಂರ, ಇದಕ್ಕ ಏನ್ ಆಗ್ಯದರಿ? ಉಜ್ಜೀರೇನು?" ಎಂದ.

"ಹೌದು. ಬರೀರಿ," ಎಂದೆ.

ವಿಚಾರಣೆಯ ದಿನ ಮೌನಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಮಾತಿಗೆ ಮೊದಲು ನಾನೇ ಎದ್ದು ನಿಂತು ವರದಿಯನ್ನು, ನನ್ನ ಹೇಳಿಕೆಯನ್ನು ಮೇಜಿನ ಮೇಲಿಟ್ಟೆ. ಗುಂಡು ತಿಕ್ಕಿದ್ದು ನನ್ನ ಆಜ್ಞೆಯಿಂದ. ತಕ್ಕಡಿ ತಿದ್ದಿದ್ದು ನನ್ನ ಆಜ್ಞೆಯಿಂದ. ಅಧಿಕಾರಿ ಓದಿ ಮುಗಿಸಿ ಕನ್ನಡಕ ತೆಗೆದರು.

"ಗುಂಡು ಸವೆದದ್ದು ನಿಮಗೆ ಆಗ ಗೊತ್ತಿರಲಿಲ್ಲ ಅಂತ ಬರೆದೀರಿ. ಸರಿ. ಆದರೆ ಯಾರಾದರೂ ನಿಮ್ಮ ಗಮನಕ್ಕೆ ತಂದಿದ್ದರೇನು?"

ಅದೊಂದನ್ನು ನಾನು ಬರೆದಿರಲಿಲ್ಲ. ಎರಡು ವಾರ ಕೂತು ಬರೆದ ಹೇಳಿಕೆಯಲ್ಲಿ ಆ ಒಂದು ಸಾಲಿಗೆ ಕೈ ಓಡಿರಲಿಲ್ಲ. ಪಕ್ಕದಲ್ಲಿ ಮೌನಪ್ಪ ತನ್ನ ಚಪ್ಪಲಿಯ ತುದಿ ನೋಡುತ್ತಿದ್ದ.

"ತಂದಿದ್ರು," ಎಂದೆ. "ಇವರೇ. ನಾನು ಕೇಳಲಿಲ್ಲ."

ಅದನ್ನೂ ಬರೆಸಿಕೊಂಡರು. ಮೌನಪ್ಪನ ಲೈಸೆನ್ಸು ಅಂದೇ ಮರಳಿ ಸಿಕ್ಕಿತು. ಹೊಸ ಗುಂಡುಗಳು ಬಂದ ಮೇಲೆ ಅವನೂ ನಾನೂ ಆಳಂದದ ಅಂಗಡಿ ಅಂಗಡಿ ಹತ್ತಿಳಿದು ತಕ್ಕಡಿಗಳನ್ನು ತಿರುಗಿ ನೂರಕ್ಕೆ ತಂದೆವು. ನನ್ನ ಸೇವಾ ಪುಸ್ತಕದಲ್ಲಿ ಒಂದು ವಾಗ್ದಂಡನೆ ಸೇರಿತು, ಮೂವತ್ತನಾಲ್ಕು ವರ್ಷದಲ್ಲಿ ಮೊದಲನೆಯದು, ಕೊನೆಯದು. ಮೇಲ್ಮನವಿ ಹಾಕಿ ತೆಗೆಸಿಕೊಳ್ಳಬಹುದು ಎಂದು ಸಹೋದ್ಯೋಗಿಗಳು ಹೇಳಿದರು. ಹಾಕಲಿಲ್ಲ. ಒಂದು ಕಪ್ಪು ಉಳಿಯಲಿ ಎಂದೆ. ನಿವೃತ್ತಿಯ ದಿನ ನಾಗಮ್ಮ ಗಡಿಯಾರವನ್ನು ಒರೆಸಿ ನನ್ನ ಮುಂದಿಟ್ಟಳು, ಕೊನೆಯ ಸಲ ಕೀಲಿ ಕೊಡಲೆಂದು. ಒಣ ಅರಿವೆಯಿಂದ ಒರೆಸಿದ್ದಾಳೆಂದು ನಾನು ಕೇಳದೆಯೇ ಹೇಳಿದಳು.

ಹೋದ ವಾರ ಮೌನಪ್ಪ ತಿರುಪು ಬೆಸೆಯುತ್ತಿರುವಾಗ, ಇಷ್ಟು ವರ್ಷ ಒಳಗೇ ಓಡಾಡುತ್ತಿದ್ದ ಪ್ರಶ್ನೆಯನ್ನು ಕೇಳಿದೆ.

"ತಪಾಸಣೆಯವರು ಬಂದಾಗ ಯಾಕ ಹೇಳಲಿಲ್ಲ ಮೌನಪ್ಪ? ಬಾಯರ ಗುಂಡೇ ತಪ್ಪದ ಅಂತ ನಾ ಅವತ್ತೇ ಅಂದಿದ್ದೆ ಅಂತ ಒಂದ್ ಮಾತ ಅನ್ನಬೇಕಿತ್ತು."

ಅವನು ಊದುಗೊಳವೆಯನ್ನು ಬಾಯಿಂದ ತೆಗೆದ.

"ನಾ ಒಮ್ಮೆ ಹೇಳಿದ್ದೆನಲ್ಲರಿ ಬಾಯರ. ನನ್ನ ಪಾಳಿ ಮುಗದಿತ್ತು. ಎರಡನೇದು ನಿಮ್ಮದಿತ್ತು."

"ನಾ ಹೇಳದಿದ್ರ?"

"ಹೇಳದಿದ್ರ ನಾ ಇಲ್ಲಿ ಕೂತಿರ್ತಿರಲಿಲ್ಲ, ನೀವು ಇಲ್ಲಿಗೆ ಬರ್ತಿರಲಿಲ್ಲ." ಓಲೆಯನ್ನು ಇಕ್ಕಳದಲ್ಲಿ ಎತ್ತಿ ಒಲೆಯ ಮೇಲಿನ ಹುಣಸೆನೀರಿನ ಕಡೆ ಒಯ್ದವನು ನಡುವೆ ನಿಂತ. "ಮೊದಲ ತೂಗೂದು, ಆಮ್ಯಾಲೆ ಹುಣಸಿಗೆ ಹಾಕೂದು. ಇದನ್ನ ನಾ ಸರಕಾರದ ಕಡಿಂದ ಕಲ್ತೇನಿ."

ತಕ್ಕಡಿಯ ಪಕ್ಕದಲ್ಲಿ ಅವನಪ್ಪನ ಗುಂಡು ಇತ್ತು, ಅದೇ ಕಪ್ಪಿನಲ್ಲಿ. ಮೊದಲು ಅದನ್ನಿಟ್ಟು ತೋರಿಸಿದ, ನಾನು ಕೇಳದಿದ್ದರೂ. ಆಮೇಲೆ ಓಲೆ ಇಟ್ಟ. ನಾನು ಅಂಕಿಯ ಕಡೆ ನೋಡಲಿಲ್ಲ, ಅವನನ್ನೇ ನಂಬಿದೆ ಎಂದು ಬರೆದರೆ ಚೆಂದ ಕಾಣುತ್ತದೆ. ಆದರೆ ಸುಳ್ಳಾಗುತ್ತದೆ. ಕನ್ನಡಕ ಸರಿಮಾಡಿಕೊಂಡು ನೋಡಿದೆ. ಎರಡು ಸಲ ನೋಡಿದೆ.

"ಬರಾಬರ್ ಅದಲ್ಲರಿ?" ಎಂದ ಮೌನಪ್ಪ.

"ಅದ," ಎಂದೆ. ಅವನು ಓಲೆಯನ್ನು ಹುಣಸೆನೀರಿಗೆ ಬಿಟ್ಟ.